ನಾಟಕಕಾರ ಸಂಸ

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕನ್ನಡ ರಂಗಭೂಮಿಯು ವೃತ್ತಿನಾಟಕ ಮಂಡಳಿಗಳ ಕೈಯಲ್ಲಿತ್ತು. ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥವು ಪುರಾಣಕಥೆಗಳನ್ನು ಹಾಡು, ಪರದೆ, ಪೋಷಾಕುಗಳ ವೈಭವದೊಡನೆ ಊರೂರಿನಲ್ಲಿ ಆಡಿ ತೋರಿಸುತ್ತಿದ್ದವು. ಕೊನೆಗೆ ಧರ್ಮವು ಗೆದ್ದುದನ್ನು ಕಂಡು ಜನರು ನೆಮ್ಮದಿಯಿಂದ ಮನೆಗೆ ಮರಳುತ್ತಿದ್ದರು. ಇಂಥ ಕಾಲದಲ್ಲಿ, ಯಾವ ಮಂಡಳಿಯ ಆಶ್ರಯವೂ ಇಲ್ಲದೆ, ಮೈಸೂರು ಅರಸರ ಇತಿಹಾಸವನ್ನು ಬಗೆದು ಗಂಭೀರ ನಾಟಕಗಳನ್ನು ಬರೆದವರು ಸಂಸ.

ಅವರ ನಿಜನಾಮ ಸಾಮಿ ವೆಂಕಟಾದ್ರಿ ಅಯ್ಯರ್. 1898ರಲ್ಲಿ ಯಳಂದೂರಿನ ಬಳಿಯ ಅಗರದಲ್ಲಿ ಜನಿಸಿದರು. ಅವರು ಆರಿಸಿಕೊಂಡ ಕಾವ್ಯನಾಮ ‘ಕಂಸ’ವೆಂದೂ, ಅಚ್ಚಿನ ತಪ್ಪಿನಿಂದ ಅದು ‘ಸಂಸ’ವಾಯಿತೆಂದೂ ಹೇಳುವುದುಂಟು.

‘ವಿಗಡ ವಿಕ್ರಮರಾಯ’ ಅವರ ಕೃತಿಗಳಲ್ಲಿ ಅಗ್ರಮಾನ್ಯವಾದುದು. ಅದರ ಹಿನ್ನೆಲೆಯಲ್ಲಿರುವ ಇತಿಹಾಸ ಹೀಗಿದೆ: 1638ರಲ್ಲಿ ದಳವಾಯಿ ವಿಕ್ರಮರಾಯನು ಅಧಿಕಾರದಾಸೆಯಿಂದ ತನ್ನ ಒಡೆಯನಾದ ಇಮ್ಮಡಿ ರಾಜ ಒಡೆಯರನ್ನು ವಿಷಪ್ರಯೋಗದಿಂದ ಕೊಲ್ಲಿಸಿದನು. ಬಳಿಕ ಪಟ್ಟಕ್ಕೆ ಬಂದ ಕಂಠೀರವ ನರಸರಾಜ ಒಡೆಯರೂ ತನ್ನ ಕೈಗೊಂಬೆಯಾಗಿರುವರೆಂದು ಅವನು ಬಗೆದನು. ಲೆಕ್ಕ ತಪ್ಪಿತು, ತಾನೇ ಹತನಾದನು. ಇಂಥ ದ್ರೋಹಿಯನ್ನು ನಾಟಕದ ನಡುವೆ ನಿಲ್ಲಿಸಿದುದೇ ಸಂಸರ ಎದೆಗಾರಿಕೆ. ಅವನ ಬುದ್ಧಿಶಕ್ತಿಗೆ ಬೆರಗಾಗುತ್ತಲೇ ನಾವು ಅವನ ಪತನಕ್ಕೆ ಸಾಕ್ಷಿಗಳಾಗುತ್ತೇವೆ. ಪಾತ್ರಗಳ ಬಾಯಲ್ಲಿ ಆ ಕಾಲದ ಆಸ್ಥಾನಕ್ಕೆ ಒಪ್ಪುವ ಹಳೆಯ ಠೀವಿಯ ಕನ್ನಡವಿದೆ. ಮೊದಲ ಓದಿಗೆ ಅದು ತೊಡಕೆನಿಸುವುದು ನಿಜ. ಗಟ್ಟಿಯಾಗಿ ಓದಿದರೆ ಅದರ ಗತ್ತು ತಾನೇ ತಿಳಿಯುತ್ತದೆ.

ಸಂಸರ ಬಾಳು ಅವರ ನಾಟಕಗಳಿಗಿಂತ ಕಠೋರವಾಗಿತ್ತು. ಪೊಲೀಸರು ತಮ್ಮನ್ನು ಬೆನ್ನಟ್ಟುತ್ತಿದ್ದಾರೆಂಬ ಭಯ ಅವರನ್ನು ಬಿಡದೆ ಕಾಡಿತು. ಇಂದಾಗಿದ್ದರೆ ಅದನ್ನು ಚಿಕಿತ್ಸೆಯುಳ್ಳ ಮನೋವ್ಯಾಧಿಯೆಂದು ಗುರುತಿಸುತ್ತಿದ್ದರು. ಅಂದು ಅದು ಬರಿಯ ವಿಚಿತ್ರ ಸ್ವಭಾವವೆನಿಸಿತು. ಎಲ್ಲಿಯೂ ನೆಲೆ ನಿಲ್ಲದೆ ಅಲೆದ ಅವರು 1939ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಮೈಸೂರಿನಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡರು.

ಜರ್ಮನಿಯ ನಾಟಕಕಾರ ಹೈನ್‌ರಿಖ್ ಫಾನ್ ಕ್ಲೈಸ್ಟ್‌ನ (1777–1811) ಕಥೆಯೂ ಹೆಚ್ಚು ಬೇರೆಯಲ್ಲ. ಅವನು 1803ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನದೊಂದು ದುರಂತ ನಾಟಕದ ಹಸ್ತಪ್ರತಿಯನ್ನು ಸುಟ್ಟನು. ಮೂವತ್ತನಾಲ್ಕರ ವಯಸ್ಸಿನಲ್ಲಿ ತಾನಾಗಿಯೇ ಪ್ರಾಣ ನೀಗಿದನು. ಹೋಂಬುರ್ಗಿನ ರಾಜಕುಮಾರನನ್ನು ಕುರಿತ ಅವನ ಶ್ರೇಷ್ಠ ನಾಟಕವು ರಂಗವೇರಿದ್ದು 1821ರಲ್ಲಿ.

ಸಂಸರು ಇಪ್ಪತ್ತಕ್ಕೂ ಹೆಚ್ಚು ನಾಟಕಗಳನ್ನು ಬರೆದಿದ್ದರೆಂದು ಹೇಳುತ್ತಾರೆ. ಉಳಿದಿರುವವು ಆರು: ‘ಸುಗುಣ ಗಂಭೀರ’, ‘ವಿಗಡ ವಿಕ್ರಮರಾಯ’, ‘ವಿಜಯ ನಾರಸಿಂಹ’, ‘ಬೆಟ್ಟದ ಅರಸು’, ‘ಬಿರುದಂತೆಂಬರ ಗಂಡ’, ‘ಮಂತ್ರಶಕ್ತಿ’. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲು ರಂಗಮಂದಿರಕ್ಕೆ ಅವರ ಹೆಸರನ್ನೇ ಇಡಲಾಗಿದೆ.