ಚಳಿನಾಡಿನ ಕೊಳಕ್ಕೆ ಬಣ್ಣ ಬಂದ ಕತೆ

ನಮ್ಮ ಕೆರೆಗಳಲ್ಲಿ ಕೆಂಪು ನೈದಿಲೆ, ನೀಲಿ ನೈದಿಲೆ ಕಂಡರೆ ಯಾರೂ ನಿಂತು ನೋಡುವುದಿಲ್ಲ. ಯುರೋಪಿನ ತೋಟಗಾರರ ಪಾಲಿಗೆ ಹಾಗಿರಲಿಲ್ಲ. ನೂರೈವತ್ತು ವರ್ಷಗಳ ಹಿಂದೆ ಅಲ್ಲಿನ ಬಯಲು ಕೊಳಗಳಲ್ಲಿ ಬಿಳಿ ನೈದಿಲೆಯೇ ಗತಿ. ಬಿಸಿಲುನಾಡಿನ ಬಣ್ಣದ ಹೂ ಬೇಕೆಂದವರು ಗಾಜಿನ ಮನೆ ಕಟ್ಟಿಸಿ ನೀರನ್ನು ಬೆಚ್ಚಗಿಡಬೇಕಿತ್ತು.

ಈ ಕೊರಗನ್ನು ನೀಗಿಸಿದಾತ ನೈಋತ್ಯ ಫ್ರಾನ್ಸಿನ ಜೋಸೆಫ್ ಬೋರಿ ಲತೂರ್-ಮಾರ್ಲಿಯಾಕ್. 1875ರಲ್ಲಿ ಲೊಟ್ ನದಿ ಕಣಿವೆಯ ತಾಂಪ್ಲ್-ಸ್ಯೂರ್-ಲೊಟ್ ಎಂಬ ಹಳ್ಳಿಯಲ್ಲಿ ನರ್ಸರಿ ತೆರೆದ. ಚಳಿ ತಾಳುವ ಬಿಳಿ ನೈದಿಲೆಯನ್ನು ಅಮೆರಿಕ ಖಂಡದ ಹಳದಿ, ಗುಲಾಬಿ ಬಗೆಗಳೊಡನೆ ಕೂಡಿಸತೊಡಗಿದ. ಸ್ವೀಡನ್ನಿನ ಒಂದು ಕೆರೆಯಲ್ಲಿ ಸಿಕ್ಕ ಅಪರೂಪದ ಕೆಂಪು ನೈದಿಲೆಯೂ ಈ ಬಳಗದಲ್ಲಿತ್ತೆಂದು ಬಲ್ಲವರು ಹೇಳುತ್ತಾರೆ.

ಕೆಲಸ ನಾಜೂಕಿನದು. ನೈದಿಲೆ ಹೂ ಅರಳಿದ ಮೊದಲ ದಿನ ಹೆಣ್ಣು, ಮರುದಿನದಿಂದ ಗಂಡು. ಮೊದಲ ದಿನ ಹೂವಿನ ನಡುವಿನ ಬಟ್ಟಲಲ್ಲಿ ಅಂಟುನೀರು ತುಂಬಿರುತ್ತದೆ. ಬೇರೆ ಹೂವಿನ ಪರಾಗ ಆಗಲೇ ಅದರೊಳಗೆ ಬೀಳಬೇಕು. ಒಂದು ದಿನ ತಡವಾದರೆ ಆ ಹೂ ಕೈತಪ್ಪಿತು. ಕಾಯಿ ಕಟ್ಟಿದರೆ ತೊಟ್ಟು ಸುರುಳಿ ಸುತ್ತಿಕೊಂಡು ಕಾಯಿಯನ್ನು ನೀರೊಳಗೆ ಎಳೆದೊಯ್ಯುತ್ತದೆ. ಬೀಜ ಮೊಳೆತು ಹೂ ಬಿಡುವವರೆಗೆ ಬಣ್ಣ ಏನೆಂಬುದು ಗೊತ್ತಾಗದು. ಇಷ್ಟೆಲ್ಲ ಕಾದು ಗೆದ್ದ ಮಾರ್ಲಿಯಾಕ್ ತನ್ನ ಗುಟ್ಟನ್ನು ಪೂರ್ತಿಯಾಗಿ ಯಾರಿಗೂ ಬಿಟ್ಟುಕೊಡದೆ 1911ರಲ್ಲಿ ತೀರಿಕೊಂಡ.

ಐಫೆಲ್ ಗೋಪುರ ಎದ್ದ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಹೂಗಳನ್ನು ಜನ ಕಂಡರು. ಜಿವೆರ್ನಿ ಎಂಬ ಹಳ್ಳಿಯ ಚಿತ್ರಕಾರ ಕ್ಲೋದ್ ಮೊನೆ 1893ರಲ್ಲಿ ಕೊಳ ತೋಡಿಸಲು ಹೊರಟಾಗ, ಪರದೇಶದ ಗಿಡಗಳಿಂದ ಹೊಳೆನೀರು ಕೆಡುತ್ತದೆಂದು ಊರವರು ತಕರಾರು ತೆಗೆದರು. ಮೊನೆ ಬಿಡಲಿಲ್ಲ. ಮಾರ್ಲಿಯಾಕ್‌ನ ನರ್ಸರಿಯಿಂದಲೇ ಗಿಡ ತರಿಸಿದ. ಆತ ಕೊನೆಯವರೆಗೂ ಬರೆದ ನೈದಿಲೆ ಚಿತ್ರಗಳು ಅರಳಿದ್ದು ಆ ಕೊಳದಿಂದ.

ಬೆಳೆಸುವವರಿಂದ ಈ ಗಿಡ ಹೆಚ್ಚೇನನ್ನೂ ಕೇಳುವುದಿಲ್ಲ. ಗೊಬ್ಬರ ಬೆರೆಸಿದ ಜಿಗುಟು ಮಣ್ಣಿನಲ್ಲಿ ಗೆಡ್ಡೆಯನ್ನು ಓರೆಯಾಗಿ ಮಲಗಿಸಿ, ಮೊಳಕೆತುದಿಯನ್ನು ಮಾತ್ರ ಮುಚ್ಚದೆ ಬಿಡಬೇಕು. ಬಿಸಿಲು ಧಾರಾಳವಾಗಿ ಬೇಕು, ನೀರು ನಿಶ್ಚಲವಾಗಿರಬೇಕು. ಕಾರಂಜಿಯ ಹನಿ ಎಲೆಗೆ ಬಿದ್ದರೆ ಅದಕ್ಕೆ ಸೇರದು. ಚಳಿಗಾಲದಲ್ಲಿ ಎಲೆಗಳೆಲ್ಲ ಕೊಳೆತು ಹೋದರೂ, ಮೇಲಿನ ಹಿಮ ಗೆಡ್ಡೆಯನ್ನು ಮುಟ್ಟದಿದ್ದರೆ ವಸಂತಕ್ಕೆ ಚಿಗುರುತ್ತದೆ.

ಮಾರ್ಲಿಯಾಕ್‌ನ ಸಂಕರಗಳಲ್ಲಿ ಹೆಚ್ಚಿನವು ಬೀಜ ಕಟ್ಟುವುದಿಲ್ಲ. ಗೆಡ್ಡೆ ಸೀಳಿಯೇ ಅವನ್ನು ಹಂಚಿಕೊಂಡು ಬಂದಿದ್ದಾರೆ. ಹಾಗಾಗಿ ಇಂದು ಯಾವುದೋ ದೇಶದ ಹಿತ್ತಲ ಕೊಳದಲ್ಲಿ ಅರಳುವ ಆತನ ತಿಳಿಹಳದಿ ಕ್ರೋಮಟೆಲ್ಲಾ ಆ ಮೊದಲ ಗಿಡದ ಮಗಳಲ್ಲ, ಮೊಮ್ಮಗಳಲ್ಲ; ಅದೇ ಗಿಡದ ಒಂದು ತುಂಡು.