ಪರಮಾಣು ಗಡಿಯಾರಕ್ಕೂ ಬೇಕು ಒಂದು ಬಸಿಗಾಲುವೆ

"ಪರಮಾಣು ಗಡಿಯಾರಾನ ಫ್ರಿಜ್ ಥರ ತಣ್ಣಗೆ ಇಡ್ತಾರಾ?" ಅಂತ ಕೇಳುಗರೊಬ್ಬರು ಕೇಳಿದ್ದಾರೆ. ಉಪಗ್ರಹದಲ್ಲಿರೋ ರುಬಿಡಿಯಂ ಗಡಿಯಾರದ ವಿಷಯ ಉಲ್ಟಾ. ಅದರ ಒಳಗೆ ಬಿಸಿನೇ ಇರಬೇಕು. ಆದ್ರೂ ಅದಕ್ಕೆ ಹೀಟ್‌ಸಿಂಕ್ ಬೇಕು.

ಮೊದಲು ಗೋಡೆ ಗಡಿಯಾರ ನೋಡಿ. ಅದರೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. 25 ಡಿಗ್ರಿ ಆಸುಪಾಸಿನಲ್ಲಿ ಸರಿಯಾಗಿರುತ್ತೆ. ಏಪ್ರಿಲ್ ಬಿಸಿಲಿಗೆ ಕೋಣೆ 40 ಡಿಗ್ರಿ ಆದ್ರೆ ದಿನಕ್ಕೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಂದೆ ಬೀಳುತ್ತೆ. ನಮಗೇನೂ ನಷ್ಟವಿಲ್ಲ. ಆದ್ರೆ ಮ್ಯಾಪ್ ತೋರಿಸೋ ಉಪಗ್ರಹದ ಸಮಯ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದ್ರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತೆ. ಆಂಬುಲೆನ್ಸ್ ಪಕ್ಕದ ಬೀದಿಗೆ ಹೋಗುತ್ತೆ.

ಅದಕ್ಕೇ ನಮ್ಮ ನಾವಿಕ್ ಉಪಗ್ರಹಗಳಲ್ಲಿ ರುಬಿಡಿಯಂ ಇದೆ. ಆ ಪರಮಾಣುವಿನ ತಾಳ ಸೆಕೆಂಡಿಗೆ ಸುಮಾರು 683 ಕೋಟಿ. ಕ್ವಾರ್ಟ್ಜ್ ಅಲ್ಲೂ ಇರುತ್ತೆ, ಪರಮಾಣು ಅದನ್ನ ತಿದ್ದುತ್ತಾ ಇರುತ್ತೆ. ರುಬಿಡಿಯಂ ಆವಿಯಾಗಿರಬೇಕು ಅಂತ ಗಾಜಿನ ಕೋಶಕ್ಕೆ ಹೀಟರ್ ಇಟ್ಟಿರ್ತಾರೆ. ಅದಕ್ಕೆ ಬೆಳಕು ಕೊಡೋ ಪುಟ್ಟ ದೀಪವಂತೂ ನೂರು ಡಿಗ್ರಿಗೂ ಮೇಲೆ. ಕೋಶದ ಶಾಖ ಚೂರು ಆಚೀಚೆ ಆದ್ರೂ ತಾಳ ಸರಿಯುತ್ತೆ.

ಈಗ ನಮ್ಮೂರ ಗದ್ದೆಗೆ ಬನ್ನಿ. ನಾಲೆಯಿಂದ ಬರೋ ನೀರನ್ನ ರೈತ ಹೆಚ್ಚು ಕಮ್ಮಿ ಮಾಡಿ ಮಟ್ಟ ಕಾಯ್ತಾನೆ. ಆದ್ರೆ ಬಸಿಗಾಲುವೆ ಕಟ್ಟಿಕೊಂಡಿದ್ದು ಮೇಲಿಂದ ಮಳೆಯೂ ಬಂದ್ರೆ? ನಾಲೆ ಮುಚ್ಚಿದ್ರೂ ಮಟ್ಟ ಏರುತ್ತೆ. ಗಡಿಯಾರದ್ದೂ ಅದೇ ಕಥೆ. ಹೀಟರ್‌ಗೆ ಬಿಸಿ ಮಾಡೋದು ಮಾತ್ರ ಗೊತ್ತು, ತಣ್ಣಗೆ ಮಾಡೋಕೆ ಬರಲ್ಲ. ಶಾಖ ಒಂದೇ ಸಮ ಹೊರಗೆ ಹರಿದ್ರೆ ಮಾತ್ರ ಅದರ ಹಿಡಿತ ಉಳಿಯುತ್ತೆ. ಹಾಗಂತ ವಿಪರೀತ ಹರಿದು ಹೋದ್ರೂ ಕಷ್ಟ, ಹೀಟರ್ ಪೂರ್ತಿ ಉರಿದರೂ ಸಾಲಲ್ಲ.

ನೆಲದ ಮೇಲೆ ಇಂಥ ಗಡಿಯಾರ ಇಡೋರು ದಪ್ಪ ಅಲ್ಯೂಮಿನಿಯಂ ಫಲಕಕ್ಕೆ ಬಿಗಿದು, ನಡುವೆ ಶಾಖ ದಾಟಿಸೋ ಪೇಸ್ಟ್ ಹಚ್ಚುತ್ತಾರೆ. ಫ್ಯಾನ್ ಹಾಕಿದ್ರೆ ಇನ್ನೂ ಒಳ್ಳೇದಲ್ವಾ ಅಂತೀರಾ? ಆನ್-ಆಫ್ ಆಗೋ ಫ್ಯಾನ್‌ಗಿಂತ ನಿಧಾನಕ್ಕೆ ಬಿಸಿಯಾಗಿ ನಿಧಾನಕ್ಕೆ ಆರೋ ಭಾರದ ಲೋಹವೇ ವಾಸಿ ಅಂತೀನಿ ನಾನು. ಫ್ಯಾನ್ ಶುರುವಾದಾಗೆಲ್ಲ ಶಾಖ ಜಿಗಿಯುತ್ತೆ.

ಮೇಲೆ, 36,000 ಕಿಲೋಮೀಟರ್ ಎತ್ತರದಲ್ಲಿ ಗಾಳಿಯೇ ಇಲ್ಲ, ಫ್ಯಾನ್ ಮಾತೇ ಬೇಡ. ಶಾಖ ಗಡಿಯಾರದ ತಳದಿಂದ ಉಪಗ್ರಹದ ಫಲಕಕ್ಕೆ ಇಳಿದು, ಅಲ್ಲಿಂದ ಕಣ್ಣಿಗೆ ಕಾಣದ ವಿಕಿರಣವಾಗಿ ಕತ್ತಲಿಗೆ ಹೋಗಬೇಕು. ಹಗಲು-ರಾತ್ರಿ ಸಮ ಇರೋ ಮಾರ್ಚ್, ಸೆಪ್ಟೆಂಬರ್ ಹೊತ್ತಿಗೆ ಉಪಗ್ರಹ ದಿನಕ್ಕೆ ಗಂಟೆಗೂ ಮೇಲೆ ಭೂಮಿಯ ನೆರಳಲ್ಲಿ ಇರಬಹುದು. ಉರಿಬಿಸಿಲಿಂದ ನೇರ ಕೊರೆಯೋ ಚಳಿಗೆ! ಆಗಲೂ ಗಡಿಯಾರಕ್ಕೆ ಅದು ಗೊತ್ತಾಗಬಾರದು.

ಕೆಟ್ಟರೆ ರಿಪೇರಿಗೆ ಯಾರೂ ಹೋಗೋಕಾಗಲ್ಲ. 2013ರ ಜುಲೈ 1ರಂದು ಹಾರಿದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರ ಕೆಟ್ಟವು. ಶಾಖದಿಂದಲೇ ಕೆಟ್ಟವು ಅಂತ ನಾನು ಹೇಳ್ತಿಲ್ಲ. ಆದ್ರೆ ಗಡಿಯಾರ ಹೋದ್ಮೇಲೆ ಉಪಗ್ರಹ ಇದ್ದೂ ದಾರಿ ತೋರಿಸೋಕೆ ಬರಲಿಲ್ಲ. ಬದಲಿಯಾಗಿ 2017ರಲ್ಲಿ ಕಳಿಸಿದ್ದು ರಾಕೆಟ್‌ನ ಶಾಖ ಕವಚ ಬಿಚ್ಚಿಕೊಳ್ಳದೆ ಒಳಗೇ ಸಿಕ್ಕಿಕೊಳ್ತು. 2018ರ ಏಪ್ರಿಲ್ 12ರಂದು ಇನ್ನೊಂದು ಹೋಯ್ತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಇಸ್ರೋದ ಅಹಮದಾಬಾದ್ ಕೇಂದ್ರ ಮಾಡಿದ ಸ್ವದೇಶಿ ರುಬಿಡಿಯಂ ಗಡಿಯಾರ ಇದೆ. ನಾವಿಕ್‌ನ ಒಂದು ಮುಖ್ಯ ಕೇಂದ್ರ ಇರೋದು ನಮ್ಮ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲೇ.

ನಿಮ್ಮ ಫೋನಿಗೆ ನಾವಿಕ್ ಬರುತ್ತಾ? ಉಪಗ್ರಹ ತೋರಿಸೋ ಒಂದು ಆ್ಯಪ್ ಹಾಕ್ಕೊಂಡು, ಬಯಲಲ್ಲಿ ನಿಂತು ನೋಡಿ. ಸಿಕ್ಕಿದ್ರೆ ಸ್ಕ್ರೀನ್‌ಶಾಟ್ ಕಳಿಸಿ.