ಬಾಣಂತಿ ಸನ್ನಿ: 'ಒಲ್ಲೆ' ಅಂದರೂ ಆಸ್ಪತ್ರೆಗೆ ಸೇರಿಸಬೇಕೆ?

ಹೆರಿಗೆಯಾಗಿ ಇನ್ನೂ ವಾರ ತುಂಬಿಲ್ಲ. ಬಾಣಂತಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. 'ಇದು ನನ್ನ ಮಗು ಅಲ್ಲ, ಯಾರೋ ಬದಲಾಯಿಸಿದಾರೆ' ಅಂತಾಳೆ. ಊಟದಲ್ಲಿ ವಿಷ ಇದೆ ಅಂತ ತಟ್ಟೆ ತಳ್ತಾಳೆ. ಮನೆಯಲ್ಲಿ ದೃಷ್ಟಿ ತೆಗೆಯುವ, ತಾಯತ ಕಟ್ಟಿಸುವ ಮಾತು ಶುರುವಾಗುತ್ತದೆ!

ಹಿರಿಯರು 'ಬಾಣಂತಿ ಸನ್ನಿ' ಅನ್ನುತ್ತಿದ್ದದ್ದು ಇದನ್ನೇ. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ 2 ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿರುವ ತುರ್ತು ಕಾಯಿಲೆ ಇದು. 'ನಂಗೇನೂ ಆಗಿಲ್ಲ, ನಾನು ಬರಲ್ಲ' ಅನ್ನೋದೂ ಈ ಕಾಯಿಲೆಯ ಲಕ್ಷಣವೇ. ಹಾಗಾಗಿ ಅವಳು ಒಪ್ಪಲಿ ಅಂತ ಕಾಯುತ್ತ ಕೂತರೆ ಕಷ್ಟ.

'ಅಯ್ಯೋ, ಬಲವಂತವಾಗಿ ಸೇರಿಸೋದು ಪಾಪ ಅಲ್ವಾ?' ಅಂತೀರಾ? ಆಸ್ಪತ್ರೆಯಲ್ಲಿ ಅವಳಿಗೆ ಸಿಗುವುದೇನು ನೋಡಿ: ಔಷಧಿ, ಹಗಲೂ ರಾತ್ರಿ ಕಾವಲು, ಎಲ್ಲಕ್ಕಿಂತ ಮುಖ್ಯವಾಗಿ ನಿದ್ದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಕೂಡಿಹಾಕಿ ಬಿಡ್ತಾರೆ ಎಂಬ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯಲ್ಲಿ ಇದಕ್ಕೆ ಬಿಗಿಯಾದ ನಿಯಮಗಳಿವೆ. ತನಗೋ ಇತರರಿಗೋ ಅಪಾಯ ಮಾಡುವಂತಿದ್ದರೆ ಅಥವಾ ತನ್ನ ಆರೈಕೆ ತಾನೇ ಮಾಡಿಕೊಳ್ಳಲಾಗದೆ ಅಪಾಯದಲ್ಲಿದ್ದರೆ ಮಾತ್ರ ಹೀಗೆ ಸೇರಿಸಬಹುದು. ಆಕೆಯ ಪರವಾಗಿ ನಿಂತ ಹತ್ತಿರದವರು ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಮೊದಲ ಅವಧಿ ಹೆಚ್ಚೆಂದರೆ 30 ದಿನ. ಹೆಣ್ಣುಮಕ್ಕಳನ್ನು ಸೇರಿಸಿಕೊಂಡರೆ 3 ದಿನದೊಳಗೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಆಕೆಗೂ ಮಂಡಳಿಯ ಮೊರೆ ಹೋಗುವ ಹಕ್ಕಿದೆ.

ಹಾಗಾದ್ರೆ ಮಗು? ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಅಗಲಿಸಬಾರದು ಎನ್ನುತ್ತದೆ ಇದೇ ಕಾಯ್ದೆ. ಮಗುವಿಗೆ ಅಪಾಯವಿದ್ದರೆ ಮಾತ್ರ ತಾತ್ಕಾಲಿಕವಾಗಿ ಬೇರೆ ಇಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗಿರುವ ವಿಭಾಗವೇ ಇದೆ.

ಇನ್ನು 'ಹುಚ್ಚಿ' ಎಂಬ ಹಣೆಪಟ್ಟಿಯ ಚಿಂತೆ. ಆಸ್ಪತ್ರೆಗೆ ಸೇರಿದ ಮಾತ್ರಕ್ಕೆ ಯಾರನ್ನೂ ಬುದ್ಧಿ ಸ್ವಾಧೀನವಿಲ್ಲದವರು ಎಂದು ಕಾನೂನು ಪರಿಗಣಿಸುವುದಿಲ್ಲ. ಅದನ್ನು ಹೇಳಬೇಕಾದ್ದು ಕೋರ್ಟು, ನೆರೆಮನೆಯವರಲ್ಲ!

ನಿಮ್ಮ ಮನೆಯಲ್ಲಿ ಹೀಗಾದರೆ ಮಗು, ಬಾಣಂತಿ ಇಬ್ಬರನ್ನೇ ಬಿಡಬೇಡಿ. ಬೈಯಬೇಡಿ, ವಾದಕ್ಕಿಳಿಯಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ. ಮನೆಗೆ ಬಂದ ಮೇಲೂ ವೈದ್ಯರು ಹೇಳುವವರೆಗೆ ಮಾತ್ರೆ ನಿಲ್ಲಿಸಬೇಡಿ. ಮುಂದಿನ ಬಸಿರಿನಲ್ಲಿ ಮೊದಲೇ ವೈದ್ಯರಿಗೆ ತಿಳಿಸಿ. ಇಂದು ಅವಳು ಸಿಟ್ಟಾಗಬಹುದು... ಆಗಲಿ ಬಿಡಿ. ಅವಳೂ ಮಗುವೂ ಕ್ಷೇಮವಾಗಿದ್ದರೆ ಸಾಕಲ್ಲವೆ?